ನಮ್ಮ ಕೀಪರ್ ಏನು ಮಾಡಿದ?

ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಬೆಳಗು ಶುರುವಾಗುವುದು ಒಂದೇ ಥರ. ಒಲೆ ಮೇಲೆ ಹಾಲಿಟ್ಟು, ಅದು ಉಕ್ಕುವುದರೊಳಗೆ ಹಿಂದಿನ ರಾತ್ರಿಯ ನಾಲ್ಕು ಬಾಕ್ಸ್ ಸ್ಕೋರ್ ಓದಿಬಿಡುತ್ತೇನೆ. ಸ್ಯಾಕ್ರಮೆಂಟೊ, ರಿಚ್ಮಂಡ್, ಯೂಜೀನ್, ಕೊನೆಗೆ ನಾನಿರುವ ಊರು ಸ್ಯಾನ್ ಹೋಸೆ. ನಾಲ್ಕೂ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬೇಸ್‌ಬಾಲ್ ತಂಡದ ಮರಿ ತಂಡಗಳು, ಮೇಲಿನ ಮೆಟ್ಟಿಲಿನಿಂದ ಕೆಳಕ್ಕೆ ಇದೇ ಕ್ರಮದಲ್ಲಿ. ಯಾರು ಹೊಡೆದರು, ಯಾರು ಎಷ್ಟು ಬಾಲು ಹಾಕಿದರು, ಯಾರ ಹೆಸರು ಇವತ್ತು ಕಾಣ್ತಿಲ್ಲ, ಯಾಕೆ ಕಾಣ್ತಿಲ್ಲ. ಆಮೇಲೆ ಕಾಫಿ ಕುಡಿಯುತ್ತಾ ಇನ್ನೊಂದು ಪುಟ ತೆಗೆಯುತ್ತೇನೆ. ಅಲ್ಲಿ ಆಟದ ಸುದ್ದಿ ಇರುವುದಿಲ್ಲ. ಯಾರನ್ನು ಮೇಲಿನ ತಂಡಕ್ಕೆ ಕಳಿಸಿದರು, ಯಾರನ್ನು ಕೆಳಗಿಳಿಸಿದರು, ಯಾರಿಗೆ ಪೆಟ್ಟಾಗಿದೆ, ಯಾರನ್ನು ಬಿಟ್ಟರು ಅಂತ ಒಬ್ಬೊಬ್ಬರಿಗೆ ಒಂದೊಂದು ಸಾಲು.

2025ರ ಮಾರ್ಚ್ ಕೊನೆಯಲ್ಲಿ ಆ ಪುಟದಲ್ಲಿ ಒಂದು ಸಾಲು ನೋಡಿದೆ. ಒಬ್ಬ ಕ್ಯಾಚರ್ (ಕ್ರಿಕೆಟ್ಟಿನ ವಿಕೆಟ್ ಕೀಪರ್ ಇದ್ದ ಹಾಗೆ) ಹುಡುಗನ ಹೆಸರು, ಪಕ್ಕದಲ್ಲಿ ‘ರಿಲೀಸ್ಡ್’. ಅಷ್ಟೇ. ಅರಿಜೋನಾದ ಕ್ಯಾಂಪ್ ಮುಗಿದು ತಂಡಗಳು ತಮ್ಮ ತಮ್ಮ ಊರಿಗೆ ಹೊರಡುವ ಹೊತ್ತು ಅದು. ಜಾಗ ಇದ್ದಷ್ಟು ಜನರನ್ನು ಇಟ್ಟುಕೊಂಡು ಉಳಿದವರನ್ನು ಮನೆಗೆ ಕಳಿಸುತ್ತಾರೆ. ಪ್ರತಿ ವರ್ಷ ನಡೆಯುವ ಸಂಗತಿ. ಅಂಥ ಸಾಲುಗಳನ್ನು ನಾನು ನೂರಾರು ಓದಿದ್ದೆ, ಓದಿ ಮುಂದಕ್ಕೆ ಹೋಗಿದ್ದೆ. ಈ ಸಾಲನ್ನು ದಾಟಲು ಆಗಲಿಲ್ಲ. ಇದನ್ನು ಶಿವಮೊಗ್ಗದಲ್ಲಿರುವ ಅಪ್ಪನಿಗೆ ಹೇಳಲು ನನಗೆ ಆರು ತಿಂಗಳು ಬೇಕಾಯಿತು.

ಪಟ್ಟಿಯಲ್ಲಿ ಇರುವವರು

ಮೈನರ್ ಲೀಗ್, ಅಂದರೆ ಇಂಥ ಮರಿ ತಂಡಗಳ ಹುಡುಗರನ್ನು ಹಿಂಬಾಲಿಸುವ ಹುಚ್ಚು ನನಗೆ ಹಿಡಿದದ್ದು 2021ರಲ್ಲಿ. ಅದರ ಹಿಂದಿನ ವರ್ಷ ಕೊರೋನಾದಿಂದ ಮೈನರ್ ಲೀಗ್ ಪೂರ್ತಿ ನಿಂತುಹೋಗಿತ್ತು. ಮತ್ತೆ ಶುರುವಾದಾಗ ಎಲ್ಲ ಬದಲಾಗಿತ್ತು. 160 ತಂಡಗಳಿದ್ದದ್ದು 120ಕ್ಕೆ ಇಳಿದಿತ್ತು. ಸ್ಯಾನ್ ಹೋಸೆ ತಂಡವನ್ನು ಒಂದು ಮೆಟ್ಟಿಲು ಕೆಳಗೆ ಕೂರಿಸಿದ್ದರು. ಹಾಗಾಗಿ ಇಲ್ಲಿಗೆ ಬರುವವರು ಇನ್ನೂ ಚಿಕ್ಕವರಾದರು. 18, 19, 20 ವರ್ಷದ ಹುಡುಗರು. ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿ ಜೊತೆ ಆರು ಆಟ, ಸೋಮವಾರ ರಜೆ, ಹೀಗೇ ಸೀಸನ್ ಪೂರ್ತಿ. ಒಂದೇ ವಾರದಲ್ಲಿ ಒಬ್ಬನನ್ನು ಐದಾರು ಸಲ ನೋಡಿದರೆ ಅವನು ನೆರೆಮನೆಯ ಹುಡುಗನ ಥರ ಆಗಿಬಿಡುತ್ತಾನೆ. ಯಾರು ಬ್ಯಾಟ್ ಹಿಡಿಯುವ ಮೊದಲು ನೆಲಕ್ಕೆ ಏನೋ ಬರೀತಾನೆ, ಯಾರು ಔಟಾದರೆ ಹೆಲ್ಮೆಟ್ ತೆಗೆಯದೆ ಹೋಗಿ ಕೂರ್ತಾನೆ ಅಂತ ಗೊತ್ತಾಗುತ್ತದೆ.

ಅದೇ ವರ್ಷ ಇಲ್ಲಿ ಪಿಚ್ ಕ್ಲಾಕ್ ಕೂಡ ಶುರುವಾಯಿತು, ಅಂದರೆ ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ) ಇಷ್ಟು ಸೆಕೆಂಡಿನೊಳಗೆ ಬಾಲು ಹಾಕಬೇಕು ಅನ್ನುವ ಗಡಿಯಾರ. ದೊಡ್ಡ ಲೀಗಿಗೆ ಅದು ಬಂದದ್ದು 2023ರಲ್ಲಿ. ಅದಕ್ಕೂ ಎರಡು ವರ್ಷ ಮೊದಲು ನಮ್ಮ ಕಾಂಕ್ರೀಟ್ ಮೆಟ್ಟಿಲುಗಳ ಮೇಲೆ ಕೂತು ನಾವು ಆ ಗಡಿಯಾರ ಓಡುವುದನ್ನು ನೋಡಿದ್ದೆವು. ಹೊಸ ನಿಯಮವನ್ನೂ ಹೊಸ ಹುಡುಗರನ್ನೂ ಮೊದಲು ಇಲ್ಲೇ ಪರೀಕ್ಷೆಗೆ ಬಿಡುತ್ತಾರೆ.

ಆ ವರ್ಷದ ತಂಡ ನೆನೆಸಿಕೊಂಡರೆ ಈಗಲೂ ಖುಷಿಯಾಗುತ್ತದೆ. ಪಿಚರ್ ಕೈಲ್ ಹ್ಯಾರಿಸನ್, ಇದೇ ಬೇ ಏರಿಯಾದ ಹುಡುಗ, ಒಂದೇ ಸೀಸನ್ನಿನಲ್ಲಿ 157 ಜನರನ್ನು ಸ್ಟ್ರೈಕೌಟ್ ಮಾಡಿದ, ಅಂದರೆ ಬಾಲು ಹೊಡೆಯಲು ಬಿಡದೆಯೇ ಔಟ್ ಮಾಡಿದ. ಡೊಮಿನಿಕನ್ ರಿಪಬ್ಲಿಕ್‌ನ ಮಾರ್ಕೊ ಲುಸಿಯಾನೊ, ವೆನೆಜುವೆಲಾದ ಲೂಯಿಸ್ ಮಾಟೋಸ್ ಇದ್ದರು. ಸೀಸನ್ ನಡುವೆ ಯೂಜೀನ್‌ನಿಂದ ಕೆಳಗೆ ಬಂದ ಕ್ಯಾಚರ್ ಪ್ಯಾಟ್ರಿಕ್ ಬೇಯ್ಲಿ ಇದ್ದ. ಲೀಗನ್ನು ನಾವೇ ಗೆದ್ದೆವು. ನಾಲ್ವರೂ 2023ರಲ್ಲಿ ದೊಡ್ಡ ತಂಡಕ್ಕೆ ಹೋದರು. ಹೀಗೆ ಒಂದೇ ತಂಡದಿಂದ ನಾಲ್ಕು ಜನ ಹೋದರೆ ನೋಡುವವನಿಗೆ ಒಂದು ಅಭ್ಯಾಸ ಬೀಳುತ್ತದೆ. ಯಾರು ಹೋಗುತ್ತಾರೋ ಅವರನ್ನಷ್ಟೇ ನೋಡುವ ಅಭ್ಯಾಸ.

ಪ್ರತಿ ವರ್ಷ ಪ್ರತಿ ಕ್ಲಬ್ಬಿನ 30 ಹುಡುಗರ ಪಟ್ಟಿ ಬರುತ್ತದೆ. ಅವರಿಗೆ ಪ್ರಾಸ್ಪೆಕ್ಟ್ ಅನ್ನುತ್ತಾರೆ. ಕನ್ನಡದಲ್ಲಿ ಭರವಸೆಯ ಆಟಗಾರ ಅನ್ನಬಹುದು. ನಮ್ಮ ಭರವಸೆ ಅನ್ನುವ ಮಾತಿನಲ್ಲಿ ಎರಡು ಅರ್ಥ ಇದೆ, ಅಲ್ವಾ? ನಾವು ಇಟ್ಟುಕೊಳ್ಳುವುದೂ ಭರವಸೆ, ಇನ್ನೊಬ್ಬರಿಗೆ ಕೊಡುವುದೂ ಭರವಸೆ. ಈ ಹುಡುಗರ ಮೇಲೆ ಎಲ್ಲರೂ ಭರವಸೆ ಇಡುತ್ತಾರೆ. ಅವರಿಗೆ ಮಾತ್ರ ಯಾರೂ ಏನೂ ಭರವಸೆ ಕೊಟ್ಟಿರುವುದಿಲ್ಲ. ಪಟ್ಟಿಯಲ್ಲಿ 4ನೇ ಹೆಸರು ಯಾವುದು, 11ನೇ ಹೆಸರು ಯಾವುದು ಅಂತ ನನಗೆ ಬಾಯಿಪಾಠ ಇತ್ತು. ಪಟ್ಟಿಯಲ್ಲಿರುವ ಹುಡುಗ ಬ್ಯಾಟಿಂಗ್ ಮುಗಿಸಿದ ಕೂಡಲೇ ನಾನು ಎದ್ದು ತಿಂಡಿ ತರಲು ಹೋಗುತ್ತಿದ್ದೆ. ಮುಂದೆ ಬರುವ ಮೂವರ ಹೆಸರು ಪಟ್ಟಿಯಲ್ಲಿ ಇಲ್ಲ ಅನ್ನುವುದಷ್ಟೇ ಕಾರಣ. ಅದರಲ್ಲಿ ಏನಾದರೂ ತಪ್ಪಿದೆ ಅಂತ ಅನ್ನಿಸಿರಲಿಲ್ಲ.

ಅಪ್ಪ ಬಂದ ಬೇಸಿಗೆ

2024ರ ಏಪ್ರಿಲ್‌ನಲ್ಲಿ ಅಪ್ಪ ಬಂದರು. ಆರು ತಿಂಗಳಿಗೆ. ಅಮ್ಮ ಹೋದ ಮೇಲೆ ಮೊದಲ ಸಲ ಒಬ್ಬರೇ ಬಂದಿದ್ದು. ಹಗಲು ನಾವೆಲ್ಲ ಕೆಲಸಕ್ಕೆ ಹೋದರೆ ಮನೆಯಲ್ಲಿ ಅವರೊಬ್ಬರೇ. ಪಾರ್ಕಿನಲ್ಲಿ ನಮ್ಮ ಕಡೆಯ ಹಿರಿಯರು ಸಿಕ್ಕುತ್ತಿದ್ದರು, ಮಾತಾಡುತ್ತಿದ್ದರು. ಆದರೂ ಸಂಜೆ ನಾನು ಬರುವ ಹೊತ್ತಿಗೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಮೇ ತಿಂಗಳ ಒಂದು ಶುಕ್ರವಾರ ಅವರನ್ನು ಆಟಕ್ಕೆ ಕರೆದುಕೊಂಡು ಹೋದೆ.

ಅಪ್ಪ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು. ಆದರೆ ಭಾನುವಾರ ಅವರು ಸ್ಕೋರರ್. ಶಿವಮೊಗ್ಗ ವಲಯದ ಕ್ರಿಕೆಟ್ ಲೀಗಿನ ಆಟಗಳಿಗೆ ವರ್ಷಗಟ್ಟಲೆ ಸ್ಕೋರ್ ಬರೆದಿದ್ದಾರೆ. ಮ್ಯಾಟಿಂಗ್ ಪಿಚ್, ಬೌಂಡರಿ ಪಕ್ಕ ಒಂದು ಮೇಜು, ಮೇಲೆ ಶಾಮಿಯಾನಾದ ತುಂಡು. ನನಗೆ ಲೆಕ್ಕ ಬಂದದ್ದೇ ಆ ಪುಸ್ತಕದಿಂದ. ಸ್ಟೇಡಿಯಂ ಬಾಗಿಲಲ್ಲಿ ಬೇಸ್‌ಬಾಲ್ ಸ್ಕೋರ್ ಷೀಟ್ ನೋಡಿದ ತಕ್ಷಣ ಅವರು ಶರ್ಟಿನ ಜೇಬಿನಿಂದ ಒಂದು ಗಿಡ್ಡ ಪೆನ್ಸಿಲ್ ತೆಗೆದರು. ಅಮೆರಿಕಕ್ಕೂ ಜೇಬಲ್ಲಿ ಪೆನ್ಸಿಲ್ ಇಟ್ಟುಕೊಂಡೇ ಬಂದಿದ್ದರು.

ನಾನು ಹೋಗಿದ್ದು ಬ್ರೈಸ್ ಎಲ್ಡ್ರಿಜ್‌ನನ್ನು ತೋರಿಸಲು. ಹಿಂದಿನ ವರ್ಷವಷ್ಟೇ ಹೈಸ್ಕೂಲಿನಿಂದ ನೇರ ಬಂದ ಹುಡುಗ, ಕ್ಲಬ್ಬುಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊದಲ ಸುತ್ತಿನ ಆಯ್ಕೆ, 19 ವರ್ಷ, 6 ಅಡಿ 7 ಇಂಚು. ‘ಅಪ್ಪ, ಆ ಎತ್ತರದ ಹುಡುಗನ್ನ ನೋಡಿ, ಎರಡು ವರ್ಷದಲ್ಲಿ ಟೀವಿಯಲ್ಲಿ ಬರ್ತಾನೆ’ ಅಂದೆ. ಅಪ್ಪ ನೋಡಿದರು. ‘ಚೆನ್ನಾಗಿ ನಿಲ್ತಾನೆ’ ಅಂದರು. ಆಮೇಲೆ ಷೀಟಿನ ಅಂಚಿನಲ್ಲಿ ತಮ್ಮದೇ ಒಂದು ಲೆಕ್ಕ ಶುರುಮಾಡಿದರು. ನಮ್ಮ ಪಿಚರ್ ಹಾಕುವ ಪ್ರತಿ ಬಾಲಿಗೆ ಒಂದು ಚುಕ್ಕೆ, ಓವರ್ ಬರೆದ ಹಾಗೆ. ಆರು ಚುಕ್ಕೆಗೆ ಒಂದು ಗೆರೆ. ‘ಇಲ್ಲಿ ಓವರ್ ಇಲ್ಲ ಅಪ್ಪ’ ಅಂದೆ. ‘ಇಲ್ಲದಿದ್ರೆ ಇಲ್ಲ, ಎಷ್ಟು ಬಾಲು ಅಂತ ಗೊತ್ತಾಗಬೇಕಲ್ಲ’ ಅಂದರು.

ಚುಕ್ಕೆ ಇಡಬೇಕು ಅಂದರೆ ಪ್ರತಿ ಬಾಲು ನೋಡಬೇಕು. ಪ್ರತಿ ಬಾಲು ಎಲ್ಲಿಗೆ ಹೋಗುತ್ತದೆ? ಯಾರೂ ಹೊಡೆಯದಿದ್ದರೆ ಕ್ಯಾಚರ್ ಗ್ಲೋವಿಗೆ. ಎರಡನೇ ಇನ್ನಿಂಗ್ಸ್ ಮುಗಿಯುವ ಹೊತ್ತಿಗೆ ಅಪ್ಪ ಎಲ್ಡ್ರಿಜ್‌ನನ್ನು ಮರೆತಿದ್ದರು. ‘ಈ ಕೀಪರ್ ಯಾರು?’ ಅಂತ ಕೇಳಿದರು. ನನಗೆ ಹೆಸರು ಗೊತ್ತಿರಲಿಲ್ಲ. ಫೋನ್ ತೆಗೆದು ನೋಡಿ ಹೇಳಬೇಕಾಯಿತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನು ಆಟ ಬಿಟ್ಟಿದ್ದಾನೆ, ಅವನ ಪಾಡಿಗೆ ಅವನಿರಲಿ. ಪಟ್ಟಿಯಲ್ಲಿ ಅವನು ಯಾವತ್ತೂ ಇರಲಿಲ್ಲ ಅಂದರೆ ಸಾಕು.

ಅವನು ಪ್ರತಿ ಬಾಲಿಗೆ ಕೂತು ಏಳುತ್ತಿದ್ದ. ಪ್ಯಾಡು, ಮುಖವಾಡ, ಎದೆಕವಚ ಎಲ್ಲ ಹಾಕಿಕೊಂಡು. ಬಾಲು ನೆಲಕ್ಕೆ ಬಿದ್ದರೆ ಮೊಣಕಾಲೂರಿ ಎದೆ ಕೊಡುತ್ತಿದ್ದ. ಪಿಚರ್ ಎರಡು ಸಲ ತಪ್ಪಿದರೆ ಎದ್ದು ಹೋಗಿ ಏನೋ ಹೇಳಿ, ಬೆನ್ನು ತಟ್ಟಿ ಬರುತ್ತಿದ್ದ. ಬ್ಯಾಟ್ಸ್‌ಮನ್ ಒಂದು ಗ್ರೌಂಡ್ ಬಾಲ್ ಹೊಡೆದರೆ ಅಷ್ಟು ಭಾರ ಹೊತ್ತುಕೊಂಡೇ ಫಸ್ಟ್ ಬೇಸ್ ಕಡೆಗೆ ಓಡುತ್ತಿದ್ದ. ಥ್ರೋ ತಪ್ಪಿದರೆ ಹಿಂದೆ ನಿಂತು ಹಿಡಿಯಲು. ಥ್ರೋ ತಪ್ಪುವುದು ಅಪರೂಪ. ಆದರೂ ಓಡಬೇಕು. ಅಪ್ಪ ಕಡ್ಲೆಕಾಯಿ ಸುಲಿಯುವುದನ್ನು ನಿಲ್ಲಿಸಿ ‘ನೋಡೋ, ಮತ್ತೆ ಓಡಿದ’ ಅಂದರು. ಮೂರು ವರ್ಷ ಅದೇ ಸ್ಟೇಡಿಯಂನಲ್ಲಿ ಕೂತಿದ್ದ ನನ್ನ ಕಣ್ಣಿಗೆ ಆ ಓಟ ಬಿದ್ದಿದ್ದು ಅವತ್ತೇ ಮೊದಲು.

ಏಳನೇ ಇನ್ನಿಂಗ್ಸ್. ಎದುರಾಳಿಯ ಒಬ್ಬ ಥರ್ಡ್ ಬೇಸ್‌ನಲ್ಲಿದ್ದ. ಕ್ಯಾಚರ್ ಗ್ಲೋವನ್ನು ಹೊರಗಡೆ, ಕೆಳಗೆ ಇಟ್ಟಿದ್ದ. ಬಾಲು ಬಂದದ್ದು ಒಳಗೆ, ಮೇಲೆ. ಅವನು ಕೈ ಚಾಚಿ ತಿರುಗಿದ. ಗ್ಲೋವಿನ ಅಂಚಿಗೆ ತಾಗಿ ಬಾಲು ಹಿಂದಿನ ಬಲೆಗೆ ಹೋಯಿತು. ರನ್ ಬಂತು. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಅಧಿಕೃತ ಸ್ಕೋರರ್ ತೀರ್ಮಾನ ಬಂತು: ಪಾಸ್ಡ್ ಬಾಲ್. ಅಂದರೆ ಕ್ಯಾಚರ್ ತಪ್ಪು. ಪಿಚರ್ ತಪ್ಪಾಗಿದ್ದರೆ ವೈಲ್ಡ್ ಪಿಚ್ ಅಂತ ಬರೆಯುತ್ತಾರೆ. ಅಪ್ಪನಿಗೆ ವಿವರಿಸಿದೆ. ವಿವರಿಸುವುದೇ ಬೇಕಿರಲಿಲ್ಲ. ಬೈ ಮತ್ತು ವೈಡ್ ನಡುವಿನ ಜಗಳವನ್ನು ಅವರು ಜೀವನ ಪೂರ್ತಿ ನೋಡಿದವರು. ಅವರ ಮುಖ ಕೆಂಪಾಯಿತು. ‘ಕೀಪರ್ ಕೇಳಿದ್ದು ಅಲ್ಲಿ, ಅವನು ಹಾಕಿದ್ದು ಇಲ್ಲಿ. ಇದು ಕೀಪರ್ ಮೇಲೆ ಹ್ಯಾಗೆ ಬರುತ್ತೆ ಮಾರಾಯ?’ ಅಂದರು. ಷೀಟಿನಲ್ಲಿ ವೈಲ್ಡ್ ಪಿಚ್ ಅಂತಲೇ ಬರೆದರು. ನನ್ನ ಕೈಲಿ ಕನ್ನಡದಲ್ಲಿ ಅದರ ಅರ್ಥ ಮತ್ತೊಮ್ಮೆ ಹೇಳಿಸಿ, ಪಕ್ಕದಲ್ಲಿ ‘ಬೌಲರ್ ತಪ್ಪು’ ಅಂತಲೂ ಸೇರಿಸಿದರು. ಪೆನ್ಸಿಲ್ ಒತ್ತಿ ಬರೆದದ್ದಕ್ಕೆ ಹಿಂದಿನ ಪುಟದಲ್ಲೂ ಅಚ್ಚು ಮೂಡಿತ್ತು.

ಆಟ ಮುಗಿದ ಮೇಲೆ ಬೇಲಿ ಹತ್ತಿರ ಮಕ್ಕಳು ಸಹಿ ಹಾಕಿಸಿಕೊಳ್ಳಲು ನಿಂತಿದ್ದರು. ಎಲ್ಲರೂ ಎಲ್ಡ್ರಿಜ್ ಸುತ್ತ. ಕ್ಯಾಚರ್ ಸ್ವಲ್ಪ ಆಚೆ ಮೊಣಕಾಲಿಗೆ ಐಸ್ ಕಟ್ಟಿಕೊಂಡು ನಡೆದು ಬರುತ್ತಿದ್ದ. ಅಪ್ಪ ಹೋಗಿ ಷೀಟ್ ಮುಂದೆ ಹಿಡಿದರು. ಅವನು ಸಹಿ ಹಾಕಲು ಪೆನ್ ತೆಗೆದವನು ಷೀಟಿನ ಅಂಚಿನ ಚುಕ್ಕೆಗಳನ್ನು ನೋಡಿ ನಿಂತ. ಏನಿದು ಅಂತ ಕೇಳಿದ. ನೀನು ಇವತ್ತು ಎದುರಿಸಿದ ಬಾಲುಗಳು ಅಂತ ನಾನು ಹೇಳಿದೆ. 151 ಚುಕ್ಕೆ. ಅವನು ಬೆರಳಿಟ್ಟು ಒಂದು ಸಾಲು ಎಣಿಸಿದ. ಆಮೇಲೆ ಕ್ಯಾಪ್ ತೆಗೆದು ಅಪ್ಪನ ಕೈ ಕುಲುಕಿದ. ಅಪ್ಪ ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ. ಮನೆ ಹತ್ತಿರ ಬಂದಾಗ ‘ಒಳ್ಳೆ ಹುಡುಗ’ ಅಂದರು.

165 ಜನ

ಎಲ್ಡ್ರಿಜ್ ಜೂನ್‌ನಲ್ಲೇ ಯೂಜೀನ್‌ಗೆ ಹೋದ. ಅಲ್ಲಿಂದ ರಿಚ್ಮಂಡ್, ಅಲ್ಲಿಂದ ಸ್ಯಾಕ್ರಮೆಂಟೊ. ಒಂದೇ ಸೀಸನ್ನಿನಲ್ಲಿ ನಾಲ್ಕು ಮೆಟ್ಟಿಲು, ಒಟ್ಟು 23 ಹೋಮ್ ರನ್. ನಮ್ಮ ಕೀಪರ್ ಇಲ್ಲೇ ಇದ್ದ. ಹೌದು, ಅಷ್ಟು ಹೊತ್ತಿಗೆ ಅವನು ‘ನಮ್ಮ ಕೀಪರ್’ ಆಗಿದ್ದ. ವಾರಕ್ಕೆ ಎರಡು ದಿನ ಆಡಿಸಿದರೆ ಹೆಚ್ಚು. ಉಳಿದ ದಿನ ಬುಲ್‌ಪೆನ್‌ನಲ್ಲಿ, ಅಂದರೆ ಪಿಚರ್‌ಗಳು ಕೈ ಪಳಗಿಸುವ ಜಾಗದಲ್ಲಿ, ಅವರಿಗೆ ಬಾಲು ಹಿಡಿದು ಕೊಡುತ್ತಿದ್ದ. ಭರವಸೆಯ ಪಿಚರ್‌ಗಳು ಬೆಳೆಯಬೇಕಾದರೆ ಅವರ ಬಾಲು ಹಿಡಿಯಲು ಯಾರಾದರೂ ಬೇಕಲ್ಲ. ಒಂದು ಕ್ಲಬ್ಬಿನಲ್ಲಿ ದೊಡ್ಡ ತಂಡಕ್ಕೆ ಹೋಗುತ್ತಾರೆ ಅಂತ ನಿಜವಾಗಿ ಲೆಕ್ಕಕ್ಕೆ ಹಿಡಿದ ಹುಡುಗರು ಬಹಳ ಕಡಿಮೆ. ಅವರಿಗೆ ದಿನವೂ ಆಟ ಬೇಕು, ಆಟಕ್ಕೆ ಒಂಬತ್ತು ಜನ ಬೇಕು. ಉಳಿದವರು ಆ ಜಾಗ ತುಂಬಲು ಬಂದವರು. ಅವರಿಗೆ ಹಾಗಂತ ಯಾರೂ ಹೇಳುವುದಿಲ್ಲ. ಅವರಿಗೆ ಗೊತ್ತಿರುತ್ತದೆ. ಆದರೂ ಪ್ರತಿ ಗ್ರೌಂಡ್ ಬಾಲಿಗೆ ಫಸ್ಟ್ ಬೇಸ್ ಕಡೆ ಓಡುತ್ತಾರೆ.

2024ರಿಂದ ಒಂದು ಕ್ಲಬ್ ಸೀಸನ್ ನಡೆಯುವಾಗ ಅಮೆರಿಕದೊಳಗೆ ಇಟ್ಟುಕೊಳ್ಳಬಹುದಾದ ಮೈನರ್ ಲೀಗ್ ಆಟಗಾರರ ಮಿತಿಯನ್ನು 180ರಿಂದ 165ಕ್ಕೆ ಇಳಿಸಿದರು. ಕ್ಲಬ್ಬಿಗೆ 15 ಜನ ಅಂದರೆ 30 ಕ್ಲಬ್ಬಿಗೆ 450 ಜಾಗ. ಆ 15ರಲ್ಲಿ ಪಟ್ಟಿಯವರು ಯಾರೂ ಇರುವುದಿಲ್ಲ. ಇದು ಬಂದದ್ದು ಒಳ್ಳೆಯ ಸುದ್ದಿಯ ಜೊತೆಗೇ. 2022ರಲ್ಲಿ ಮೈನರ್ ಲೀಗ್ ಆಟಗಾರರು ಯೂನಿಯನ್ ಸೇರಿದರು, 2023ರಲ್ಲಿ ಮೊದಲ ಒಪ್ಪಂದವಾಯಿತು. ಸ್ಯಾನ್ ಹೋಸೆ ಮಟ್ಟದ ಹುಡುಗನಿಗೆ ವರ್ಷಕ್ಕೆ 11,000 ಡಾಲರ್ ಇದ್ದದ್ದು 26,200 ಆಯಿತು. ಇದೇ ಜೈಂಟ್ಸ್‌ನ ಮೈನರ್ ಲೀಗಿನಲ್ಲಿ ಪಿಚರ್ ಆಗಿದ್ದು, ಆಮೇಲೆ ವಕೀಲನಾದ ಗ್ಯಾರೆಟ್ ಬ್ರೊಶುಯಿಸ್ 2014ರಲ್ಲಿ ಕೂಲಿಗಾಗಿ ಶುರುಮಾಡಿದ ಕೇಸು 2022ರಲ್ಲಿ 18.5 ಕೋಟಿ ಡಾಲರ್‌ಗೆ ರಾಜಿಯಾಗಿತ್ತು. ದೊಡ್ಡ ತಂಡದ ಕನಿಷ್ಠ ಸಂಬಳ 2023ರಲ್ಲಿ 7,20,000 ಡಾಲರ್. ಬಾಡಿಗೆ ಎಷ್ಟು ಅಂತ ಗೊತ್ತಿರುವ ಈ ಊರಿನವರಿಗೆ 26,200 ಅಂದರೆ ಏನು ಅಂತ ಹೇಳಬೇಕಿಲ್ಲ. ಮನೆಯನ್ನು ಈಗ ಕ್ಲಬ್ಬೇ ಕೊಡುತ್ತದೆ, ಅದೊಂದು ಸಮಾಧಾನ. ತಮ್ಮ ಹಕ್ಕುಗಳಿಗಾಗಿ ಅವರು ಹೋರಾಡಿದ್ದು ನೂರಕ್ಕೆ ನೂರು ಸರಿ. ಆದರೆ ಸಂಬಳ ಹೆಚ್ಚಾದ ಕೂಡಲೇ ಜಾಗ ಕಡಿಮೆಯಾದದ್ದು ಕಂಡು ನನಗೆ ಬೇಜಾರಾಯಿತು, ಸಿಟ್ಟೂ ಬಂತು.

ಫೋನಿನಲ್ಲಿ ಕೇಳುವ ಪ್ರಶ್ನೆ

ಸೆಪ್ಟೆಂಬರ್‌ನಲ್ಲಿ ಅಪ್ಪ ವಾಪಸು ಹೋದರು. ಭಾನುವಾರ ಬೆಳಗ್ಗೆ ಅವರ ಫೋನ್, ಇಲ್ಲಿ ಶನಿವಾರ ರಾತ್ರಿ. ಮೊದಲು ಮಕ್ಕಳ ವಿಚಾರ, ಆಮೇಲೆ ಮಳೆ, ಆಮೇಲೆ ‘ನಮ್ಮ ಕೀಪರ್ ಏನು ಮಾಡಿದ?’ ಚಳಿಗಾಲದಲ್ಲಿ ಆಟ ಇರುವುದಿಲ್ಲ ಅಂದರೂ ಕೇಳುತ್ತಿದ್ದರು. ಅವರಿಗೆ ನಾನು ಬೇಯ್ಲಿ ಕಥೆ ಹೇಳಿದ್ದೆ. ಮೊದಲ ಸುತ್ತಿನಲ್ಲಿ ಬಂದವನು, 2021ರಲ್ಲಿ ಯೂಜೀನ್‌ನಲ್ಲಿ ಬ್ಯಾಟಿಂಗ್ ಸರಾಸರಿ .200 (ಐದರಲ್ಲಿ ಒಂದು ಹಿಟ್) ಕೂಡ ಮುಟ್ಟದೆ ಕೆಳಗೆ ಬಂದ, ಇದೇ ಸ್ಯಾನ್ ಹೋಸೆಯಲ್ಲಿ ಸರಿಹೋದ, ಈಗ ದೊಡ್ಡ ಲೀಗಿನ ಅತ್ಯುತ್ತಮ ಕ್ಯಾಚರ್‌ಗಳಲ್ಲಿ ಒಬ್ಬ, 2024ರಲ್ಲಿ ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯೂ ಅವನಿಗೆ ಬಂತು ಅಂತ. ಅಪ್ಪ ಅದನ್ನು ಹಿಡಿದುಕೊಂಡರು. ‘ಹಾಗಾದ್ರೆ ಕೀಪರ್‌ಗಳು ತಡವಾಗಿ ಬರ್ತಾರೆ, ಅಲ್ವಾ?’ ಅಂದರು. ಅವರ ದನಿ ಕೇಳಿದರೆ ಇಲ್ಲ ಅನ್ನಲು ಆಗುತ್ತಿರಲಿಲ್ಲ.

ಹಾಗಾಗಿ ಮಾರ್ಚ್‌ನಲ್ಲಿ ಆ ಸಾಲು ಬಂದಾಗ ಹೇಳಲಿಲ್ಲ. ‘ಇನ್ನೂ ಆಡಿಸಿಲ್ಲ ಅಪ್ಪ’ ಅಂದೆ. ಒಂದು ವಾರ ಆಯಿತು, ಎರಡು ವಾರ ಆಯಿತು. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

2025ರ ಸೀಸನ್ ಹಾಗೇ ಹೋಯಿತು. ಜೂನ್ 15ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಪಿಚ್ ಮಾಡಬೇಕಿದ್ದ ಕೈಲ್ ಹ್ಯಾರಿಸನ್‌ನನ್ನು ಆಟ ಶುರುವಾಗುವ ಸ್ವಲ್ಪ ಮೊದಲು ತಡೆದರು. ಬಾಸ್ಟನ್ ತಂಡದ ದೊಡ್ಡ ಬ್ಯಾಟ್ಸ್‌ಮನ್ ರಫೇಲ್ ಡೆವರ್ಸ್‌ಗಾಗಿ ಅವನನ್ನು ಬಾಸ್ಟನ್‌ಗೆ ಕೊಟ್ಟಿದ್ದರು. ಜೊತೆಗೆ ಹಿಂದಿನ ವರ್ಷದ ಮೊದಲ ಸುತ್ತಿನ ಆಯ್ಕೆ ಜೇಮ್ಸ್ ಟಿಬ್ಸ್ ಕೂಡ ಹೋದ. ಬಾಸ್ಟನ್ ಟಿಬ್ಸ್‌ನನ್ನು ಜುಲೈ ಕೊನೆಗೆ ಲಾಸ್ ಏಂಜಲೀಸ್‌ಗೆ ಕೊಟ್ಟಿತು. ಒಂದೂವರೆ ತಿಂಗಳಲ್ಲಿ ಮೂರು ಕ್ಲಬ್ಬು. ಪಟ್ಟಿಯಲ್ಲಿದ್ದವರಿಗೂ ನೆಲೆ ಇಲ್ಲ ಅಂತ ಆ ಬೇಸಿಗೆ ಮತ್ತೆ ನೋಡಿದೆ. ಜುಲೈ 8ಕ್ಕೆ ಬೇಯ್ಲಿ ಒಂಬತ್ತನೇ ಇನ್ನಿಂಗ್ಸಿನಲ್ಲಿ ಹೊಡೆದ ಬಾಲು ಗೋಡೆಗೆ ಬಡಿದು ಆಚೆ ಉರುಳಿತು. ಅವನು ನಿಲ್ಲದೆ ನಾಲ್ಕೂ ಬೇಸ್ ಸುತ್ತಿ ಬಂದು ಫಿಲಡೆಲ್ಫಿಯಾ ವಿರುದ್ಧ 4-3ರಲ್ಲಿ ಗೆಲ್ಲಿಸಿದ. ವಿಡಿಯೋ ಅಪ್ಪನಿಗೆ ಕಳಿಸಿದೆ. ‘ಕೀಪರ್ ಓಡ್ತಾನೆ ಅಂತ ನಂಗೆ ಗೊತ್ತು’ ಅಂತ ಉತ್ತರ ಬಂತು.

ಸೆಪ್ಟೆಂಬರ್ 15ಕ್ಕೆ ಎಲ್ಡ್ರಿಜ್ ದೊಡ್ಡ ತಂಡಕ್ಕೆ ಮೊದಲ ಸಲ ಆಡಿದ, ಅರಿಜೋನಾ ವಿರುದ್ಧ. ಅಪ್ಪನಿಗೆ ಹೇಳಿದ್ದಂತೆ ಎರಡು ವರ್ಷವೂ ಆಗಿರಲಿಲ್ಲ. ಅವನು ಬ್ಯಾಟ್ ಹಿಡಿದು ಬಂದಾಗ ಸೋಫಾದ ಮೇಲೆ ಕೂತಿದ್ದವನು ಎದ್ದು ನಿಂತೆ. ಆಟ ಮುಗಿದಾಗ ಶಿವಮೊಗ್ಗದಲ್ಲಿ ಬೆಳಗ್ಗೆ. ಭಾನುವಾರದವರೆಗೆ ಕಾಯದೆ ಫೋನ್ ಮಾಡಿದೆ. ‘ಅಪ್ಪ, ಆ ಎತ್ತರದ ಹುಡುಗ ಇವತ್ತು ಟೀವಿಯಲ್ಲಿ ಬಂದ.’ ಅಪ್ಪನಿಗೆ ನಿಜವಾಗಿ ಖುಷಿಯಾಯಿತು. ‘ಹೌದಾ! ನೀನು ಹೇಳಿದ್ದೆ ಕಣೋ’ ಅಂದರು. ಒಂದು ಕ್ಷಣ ಸುಮ್ಮನಿದ್ದು ಕೇಳಿದರು.

‘ನಮ್ಮ ಕೀಪರ್?’

ಅವತ್ತು ಹೇಳಿಬಿಟ್ಟೆ. ಮಾರ್ಚ್‌ನಲ್ಲೇ ಬಿಟ್ಟರು ಅಪ್ಪ, ನಿಮಗೆ ಹೇಳಲು ಮನಸ್ಸಾಗಲಿಲ್ಲ ಅಂದೆ. ಆ ಕಡೆ ಬಹಳ ಹೊತ್ತು ಏನೂ ಕೇಳಲಿಲ್ಲ. ಕುಕ್ಕರ್ ಕೂಗಿದ್ದು ಕೇಳಿತು. ಆಮೇಲೆ ಅಪ್ಪ ‘ಅವತ್ತಿನ ಷೀಟ್ ಇದೆಯಾ?’ ಅಂದರು. ಇದೆ, ಡ್ರಾಯರ್‌ನಲ್ಲಿದೆ ಅಂದೆ. ‘ಒಂದು ಫೋಟೋ ಹೊಡೆದು ಕಳಿಸು.’

ಕಳಿಸಿದೆ. ಹತ್ತು ನಿಮಿಷಕ್ಕೆ ಅವರೇ ಫೋನ್ ಮಾಡಿದರು. ಕನ್ನಡಕ ಹಾಕಿಕೊಂಡು, ಚಿತ್ರ ದೊಡ್ಡದು ಮಾಡಿ, ಚುಕ್ಕೆ ಎಲ್ಲ ಮತ್ತೆ ಎಣಿಸಿದ್ದರು.

‘151 ಸರಿಯಾಗಿದೆ’ ಅಂದರು. ‘ಅವರ ಪುಸ್ತಕದಲ್ಲಿ ಆ ಒಂದು ಬಾಲು ಇನ್ನೂ ಕೀಪರ್ ಮೇಲೇ ಇದೆಯಾ?’

ನೋಡಿ ಹೇಳಿದೆ. ಇದೆ, ಪಾಸ್ಡ್ ಬಾಲ್ ಅಂತಲೇ ಇದೆ.

‘ಸರಿ. ನಮ್ಮದನ್ನ ನೀನು ತಿದ್ದಬೇಡ.’